ರಿಪೋರ್ಟ್ ನಾರ್ಮಲ್, ಆದರೂ ಕೂದಲು ಉದುರುತ್ತಿದೆ

ಮೇಘಾ,

ನೀನು ವಾಟ್ಸಾಪಿನಲ್ಲಿ ಕಳಿಸಿದ ರಿಪೋರ್ಟುಗಳನ್ನೆಲ್ಲ ನೋಡಿದೆ. ಥೈರಾಯ್ಡ್ ಸರಿಯಿದೆ, ಹಿಮೋಗ್ಲೋಬಿನ್ ಸರಿಯಿದೆ, ಸ್ಕ್ಯಾನಿಂಗಿನಲ್ಲೂ ಏನಿಲ್ಲ. ಆದರೂ ಬಾಚಣಿಗೆ ತುಂಬ ಕೂದಲು, ಎದೆಯುರಿ, ಎರಡು ತಿಂಗಳಿಂದ ಪೀರಿಯಡ್ಸ್ ಇಲ್ಲ, ರಾತ್ರಿ ಮೂರಕ್ಕೆ ಎಚ್ಚರ, ವಾಸಿಯಾಗದ ಗಂಟಲುನೋವು, ಮರೆವು. "ಎಲ್ಲ ನನ್ನ ಭ್ರಮೆಯಾ ದೊಡ್ಡಮ್ಮಾ?" ಅಂತ ಕೇಳಿದ್ದೀಯ. ಖಂಡಿತ ಅಲ್ಲ ಕಣೇ. ನಿನ್ನ ಓರಗೆಯ ಇನ್ನೂ ಎಷ್ಟೋ ಮಕ್ಕಳು ಇದೇ ದೂರು ಹೇಳುತ್ತಾರೆ, ಅವರೂ ಓದಲಿ ಅಂತ ಈ ಪತ್ರವನ್ನು ಪತ್ರಿಕೆಗೇ ಕೊಡುತ್ತಿದ್ದೇನೆ. ನಿನ್ನ ಹೆಸರು ಬದಲಿಸಿದ್ದೇನೆ, ಹೆದರಬೇಡ. ಮೆಡಿಕಲ್ ಕಾಲೇಜಿನಲ್ಲಿ ಫಿಸಿಯಾಲಜಿ ಹೇಳಿಕೊಟ್ಟವಳು ನಾನು. ಪತ್ರ ಅಲ್ಲಲ್ಲಿ ಪಾಠವಾದರೆ ಸಹಿಸಿಕೋ.

ಬೆಂಗಳೂರಿನ ಸಿಲ್ಕ್ ಬೋರ್ಡ್ ಹತ್ತಿರ ನಿನ್ನ ಸ್ಕೂಟಿಗೆ ಬಸ್ಸೊಂದು ಅಡ್ಡ ಬಂತು ಅಂದುಕೋ. ಯೋಚಿಸುವ ಮೊದಲೇ ಬ್ರೇಕ್ ಹಿಡಿದಿರುತ್ತೀಯ. ಎದೆ ಡವಡವ, ಬಾಯಿ ಒಣಗಿದೆ, ಅಂಗೈ ಒದ್ದೆ. ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಾಲಿನ್ ಸುರಿದಿವೆ. ಲಿವರು ಕೂಡಿಟ್ಟಿದ್ದ ಸಕ್ಕರೆಯನ್ನು ರಕ್ತಕ್ಕೆ ಬಿಟ್ಟಿದೆ. ಹೊಟ್ಟೆಗೆ ಹೋಗುತ್ತಿದ್ದ ರಕ್ತ ಕೈಕಾಲಿನ ಸ್ನಾಯುಗಳ ಕಡೆ ತಿರುಗಿದೆ. ಬಸ್ಸಿನಡಿ ಸಿಕ್ಕುವ ಹೊತ್ತಿನಲ್ಲಿ ಮಧ್ಯಾಹ್ನದ ಊಟ ಅರಗಿಸುವ ತುರ್ತು ಯಾರಿಗಿದೆ? ಬೆಕ್ಕು ಗಾಬರಿಯಾದರೆ ಅದರ ಹೊಟ್ಟೆಯ ಚಲನೆ ಅಲ್ಲಿಗಲ್ಲಿಗೇ ನಿಂತುಬಿಡುವುದನ್ನು ಹಾರ್ವರ್ಡಿನ ವಾಲ್ಟರ್ ಕ್ಯಾನನ್ ಎಕ್ಸ್‌ರೇಯಲ್ಲಿ ಕಂಡಿದ್ದ. ಹೋರಾಟಕ್ಕೋ ಓಟಕ್ಕೋ ದೇಹ ಹೀಗೆ ಸಜ್ಜಾಗುವ ಬಗೆಯನ್ನು 1915ರಲ್ಲಿ ಪುಸ್ತಕವಾಗಿಯೇ ಬರೆದ. ಅಡ್ರಿನಾಲಿನ್ ಹಿಂದೆಯೇ ಅದೇ ಗ್ರಂಥಿಗಳ ಹೊರಪದರದಿಂದ ಕಾರ್ಟಿಸಾಲ್ ಬರುತ್ತದೆ. ರಕ್ತದಲ್ಲಿ ಸಕ್ಕರೆ ಇಳಿಯದಂತೆ ನೋಡಿಕೊಂಡು, ಸದ್ಯಕ್ಕೆ ಬೇಡದ ಕೆಲಸಗಳನ್ನು ಅದು ಮುಂದೂಡುತ್ತದೆ. ಈ ವ್ಯವಸ್ಥೆಯನ್ನು ನಾನು ಬಯ್ಯಲಾರೆ, ನಿನ್ನ ಜೀವ ಉಳಿಸುವುದೇ ಅದು. ಬಸ್ಸು ಹೋದ ಮೇಲೆ ಎಲ್ಲ ಇಳಿಯಬೇಕು, ಅಷ್ಟೇ.

ನಿನ್ನಲ್ಲಿ ಇಳಿಯುತ್ತಿಲ್ಲ. ರಾತ್ರಿ ಹತ್ತೂವರೆಗೆ ಅಮೆರಿಕದ ಕ್ಲೈಂಟ್ ಜೊತೆ ಕಾಲ್, ಹನ್ನೆರಡಕ್ಕೆ ಮ್ಯಾನೇಜರ್ ಮೆಸೇಜು. ಅಡ್ರಿನಲ್ ಗ್ರಂಥಿಗೆ ಬಸ್ಸೂ ಒಂದೇ, ಮೆಸೇಜೂ ಒಂದೇ. ಕಾರ್ಟಿಸಾಲ್ ನಡುರಾತ್ರಿಯ ಹೊತ್ತಿಗೆ ತೀರ ತಗ್ಗಿ, ಬೆಳಗಿನ ಜಾವ ಏರಿ, ನಮ್ಮನ್ನು ಎಬ್ಬಿಸಿ ಕೂರಿಸಬೇಕು. ಅದು ತಗ್ಗುವ ಹೊತ್ತಿಗೇ ನೀನು ಲ್ಯಾಪ್‌ಟಾಪ್ ತೆರೆಯುತ್ತೀಯ. ಟ್ಯಾಂಕು ತುಂಬಿ ಹರಿದರೂ ಮೋಟಾರು ಆರಿಸದ ಮನೆಯ ಕತೆ ನಿನ್ನದು. ಮೋಟಾರು ಕೆಟ್ಟಿಲ್ಲ, ಅದಕ್ಕೇ ರಿಪೋರ್ಟು ನಾರ್ಮಲ್.

ಕೂದಲಿನ ವಿಷಯ. ಮೈಗೋ ಮನಸ್ಸಿಗೋ ದೊಡ್ಡ ಪೆಟ್ಟು ಬಿದ್ದಾಗ ಬಹಳಷ್ಟು ಕೂದಲ ಬುಡಗಳು ಒಟ್ಟಿಗೇ ಬೆಳವಣಿಗೆ ನಿಲ್ಲಿಸಿ ವಿಶ್ರಾಂತಿಗೆ ಹೋಗುತ್ತವೆ. ಉದುರುವುದು ಎರಡು ಮೂರು ತಿಂಗಳಾದ ಮೇಲೆ. ಈಗ ಬಾಚಣಿಗೆಗೆ ಬರುತ್ತಿರುವುದು ನಿಮ್ಮ ಆಫೀಸಿನ ಏಪ್ರಿಲ್ ರಿಲೀಸಿನ ಒತ್ತಡಕ್ಕೆ ಸಿಕ್ಕ ಕೂದಲು! ಬುಡ ಸತ್ತಿಲ್ಲ, ಸಾಮಾನ್ಯವಾಗಿ ಮತ್ತೆ ಹುಟ್ಟುತ್ತದೆ. ದುಬಾರಿ ಸೀರಮ್ ಕೊಳ್ಳಬೇಡ. ಮುಟ್ಟಿನದೂ ಇದೇ ಜಾಡು. ಅಂಡಾಶಯಕ್ಕೆ ಸೂಚನೆ ಹೊರಡುವುದು ಮೆದುಳಿನ ಹೈಪೊಥಲಾಮಸ್‌ನಿಂದ. ನಿದ್ದೆಯಿಲ್ಲ, ಊಟ ಹೊತ್ತಿಗಿಲ್ಲ ಅಂದರೆ ಅದು ಸೂಚನೆಯನ್ನೇ ತಗ್ಗಿಸಿಬಿಡುತ್ತದೆ. ಮುಂದಿನ ತಿಂಗಳೂ ಆಗದಿದ್ದರೆ ಡಾಕ್ಟರ ಹತ್ತಿರ ಮತ್ತೆ ಹೋಗು.

ನನ್ನ ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತಿದ್ದ ಪ್ರಯೋಗವೊಂದಿದೆ. ಅಮೆರಿಕದ ಒಹಾಯೊದಲ್ಲಿ 11 ಮಂದಿ ಡೆಂಟಲ್ ವಿದ್ಯಾರ್ಥಿಗಳ ಬಾಯಿಯ ಅಂಗುಳದಲ್ಲಿ 3.5 ಮಿಲಿಮೀಟರಿನ ಪುಟ್ಟ ಗಾಯ ಮಾಡಿದರು. ಬೇಸಿಗೆ ರಜೆಯಲ್ಲಿ ಒಂದು, ಪರೀಕ್ಷೆ ಮೂರು ದಿನವಿದೆ ಎನ್ನುವಾಗ ಇನ್ನೊಂದು ಬದಿಯಲ್ಲಿ ಮತ್ತೊಂದು. ಪರೀಕ್ಷೆಯ ಹೊತ್ತಿನ ಗಾಯ ಮಾಯಲು ಸರಾಸರಿ ಶೇ. 40ರಷ್ಟು ಹೆಚ್ಚು ಸಮಯ ಹಿಡಿಯಿತು. ರಜೆಯಲ್ಲಿ ಮಾಯ್ದಷ್ಟು ಬೇಗ ಒಬ್ಬರಿಗೂ ಮಾಯಲಿಲ್ಲ. 1998ರಲ್ಲಿ ಇದು ಪ್ರಕಟವಾಯಿತು. 11 ಮಂದಿ ತೀರ ಕಡಿಮೆ, ಒಪ್ಪುತ್ತೇನೆ. ಆದರೆ ಅದೇ ಬಾಯಿ, ಅಷ್ಟೇ ಗಾಯ, ಬೇರೆಯಾದದ್ದು ಪರೀಕ್ಷೆಯೊಂದೇ. ನಿನ್ನ ಗಂಟಲುನೋವು ವಾಸಿಯಾಗಲು ಯಾಕೆ ಸತಾಯಿಸುತ್ತಿದೆ ಅಂತ ಇನ್ನು ಬಿಡಿಸಿ ಹೇಳಬೇಕೆ? ಮರೆವೂ ಅಷ್ಟೆ. ನೆನಪು ಕಟ್ಟುವ ಹಿಪ್ಪೊಕ್ಯಾಂಪಸ್ ಕಾರ್ಟಿಸಾಲ್ ಹೇಳಿದ್ದನ್ನು ಬಹಳ ಕೇಳುವ ಭಾಗ. ಸ್ಕೂಟಿ ಕೀ ಎಲ್ಲಿಟ್ಟೆ ಅಂತ ಹುಡುಕುವಾಗ ನಿನ್ನನ್ನು ನೀನು ದಡ್ಡಿ ಅಂದುಕೊಳ್ಳಬೇಡ.

ಹಾಗಂತ ಎಲ್ಲವನ್ನೂ ಟೆನ್ಷನ್ ತಲೆಗೆ ಕಟ್ಟಿದರೂ ನನಗೆ ಸಿಟ್ಟು ಬರುತ್ತದೆ. ಹೊಟ್ಟೆಯ ಹುಣ್ಣಿಗೆ ಚಿಂತೆಯೇ ಕಾರಣ ಅಂತ ಡಾಕ್ಟರುಗಳೇ ಬಹುಕಾಲ ನಂಬಿದ್ದರು. ಕಾರಣ ಬ್ಯಾಕ್ಟೀರಿಯಾ ಅಂತ ತೋರಿಸಲು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಅದನ್ನು ಬೆಳೆಸಿದ ದ್ರವವನ್ನು ತಾನೇ ಕುಡಿದು ಹೊಟ್ಟೆ ಕೆಡಿಸಿಕೊಂಡ. ಅವನಿಗೂ ಅವನ ಜೊತೆ ಕೆಲಸ ಮಾಡಿದ ರಾಬಿನ್ ವಾರೆನ್‌ಗೂ 2005ರಲ್ಲಿ ನೊಬೆಲ್ ಬಂತು. ಆದ್ದರಿಂದ ಎದೆಯುರಿ ಬಿಡದಿದ್ದರೆ ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತ ಕಾಲ ತಳ್ಳಬೇಡ, ಪರೀಕ್ಷೆ ಮಾಡಿಸು. ಎದೆನೋವು ಬಂದರಂತೂ ಮೊದಲು ಇಸಿಜಿ, ಆಮೇಲೆ ಟೆನ್ಷನ್ ಮಾತು.

ಪ್ರಾಣಾಯಾಮ ಮಾಡು ಅಂತ ಹೇಳಿ ಕೈತೊಳೆದುಕೊಳ್ಳುವ ಹಿರಿಯಳಲ್ಲ ನಾನು. ಉಸಿರನ್ನು ನಿಧಾನ ಬಿಡುವಾಗ ಹೃದಯ ಬಡಿತ ತಗ್ಗುವುದು ನಿಜ, ಮಾಡು. ಆದರೆ ಬೆಳಿಗ್ಗೆ ಹತ್ತು ನಿಮಿಷ ಉಸಿರಾಡಿ, ರಾತ್ರಿಯಿಡೀ ಫೋನನ್ನು ದಿಂಬಿನಡಿ ಇಟ್ಟುಕೊಂಡರೆ ಏನೂ ಆಗದು. ಫೋನು ನಡುಮನೆಯಲ್ಲಿ ಮಲಗಲಿ. ಸಂಜೆ ಅರ್ಧ ಗಂಟೆ ನಡೆ. ಯಾರ ಹತ್ತಿರವಾದರೂ ಮಾತಾಡು. ಮನೆಯವರೊಡನೆ ಹೇಳಲಾಗದ್ದಿದ್ದರೆ ಸರ್ಕಾರದ ಟೆಲಿ ಮಾನಸ್ ಇದೆ, 14416. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಇದೆಲ್ಲಕ್ಕಿಂತ ಮೊದಲು, ವಾರದಲ್ಲಿ ಮೂರು ರಾತ್ರಿಯಾದರೂ ಕಾಲ್ ತೆಗೆದುಕೊಳ್ಳಲು ಆಗುವುದಿಲ್ಲ ಅಂತ ಮ್ಯಾನೇಜರಿಗೆ ಈ ಸೋಮವಾರವೇ ಮೇಲ್ ಹಾಕು. ಒಪ್ಪದಿದ್ದರೆ ಬೇರೆ ಕೆಲಸ ಹುಡುಕು. ಅಪ್ಪನಿಗೆ ನಾನು ಹೇಳುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ