ಅಮ್ಮ ಬರ್ತಾರೆ ಸರಿ, ಹೇಬಾಮೆ ಸಿಕ್ಕರಾ?

ಹೋದ ಚಳಿಗಾಲದ ಒಂದು ಶನಿವಾರ, ರಾತ್ರಿ ಹನ್ನೊಂದು ದಾಟಿದ ಮೇಲೆ ಫೋನು ಬಂತು. ಮ್ಯೂನಿಕ್‌ಗೆ ಬಂದು ಇನ್ನೂ ವರ್ಷ ತುಂಬದ ಹುಡುಗ, ದೀಪಾವಳಿ ಕಾರ್ಯಕ್ರಮದಲ್ಲಿ ಕುರ್ಚಿ ಜೋಡಿಸುವಾಗ ಪರಿಚಯವಾದವನು. "ಆಂಟಿ, ಮಗು ಎಬ್ಬಿಸಿದ್ರೂ ಏಳ್ತಿಲ್ಲ, ಹಾಲು ಕುಡೀತಿಲ್ಲ. " ಹೆರಿಗೆಯಾಗಿ ಐದು ದಿನ, ಮನೆಗೆ ಬಂದು ಎರಡು ದಿನ. ನಾನು ಮೊದಲು ಕೇಳಿದ್ದು ಹೆರಿಗೆ, ಬಾಣಂತನ ನೋಡಿಕೊಳ್ಳುವ ಇಲ್ಲಿನ ಸೂಲಗಿತ್ತಿಯ ಬಗ್ಗೆ: "ನಿಮ್ಮ ಹೇಬಾಮೆ ಏನಂದ್ರು?"

"ಅವರು ಆಸ್ಪತ್ರೇಲೇ ಇದ್ರಲ್ಲ ಆಂಟಿ, ಹೆರಿಗೆ ಮಾಡಿಸಿದ್ರಲ್ಲ. ಮನೆಗೆ ಅಮ್ಮ ಬರ್ತಾರೆ. ವೀಸಾ ಮುಂದಿನ ವಾರ ಆಗುತ್ತೆ."

ಬೈಯುವ ಹೊತ್ತಲ್ಲ ಅದು. ಮಕ್ಕಳ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಈಗಲೇ ಹೊರಡಿ ಅಂದೆ, ಹೊರಟರು. ಮಗುವಿಗೆ ಕಾಮಾಲೆ ಏರಿತ್ತು. ಹುಟ್ಟಿದಾಗ ಇದ್ದ ತೂಕದಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಇಳಿದುಹೋಗಿತ್ತು. ನೀಲಿ ಬೆಳಕಿನ ಕೆಳಗೆ ಮಲಗಿಸಿ, ಹೊಟ್ಟೆ ತುಂಬಿಸಿ ಕಳಿಸಿದರು. ಈಗ ಗುಂಡುಗುಂಡಗಿದ್ದಾನೆ, ಯಾರ ಕನ್ನಡಕ ಕಂಡರೂ ಕೈ ಹಾಕುತ್ತಾನೆ. ಹಾಗಾಗಿ ಆವತ್ತು ಬಾಕಿ ಉಳಿದ ಬೈಗುಳವನ್ನು ಇಲ್ಲಿ ಬೈಯುತ್ತಿದ್ದೇನೆ. ಅವನೊಬ್ಬನಿಗೇ ಅಲ್ಲ, ಇದೇ ಮಾತನ್ನು ವರ್ಷವರ್ಷವೂ ಒಂದಲ್ಲ ಒಂದು ಮನೆಯಿಂದ ಕೇಳುತ್ತೇನೆ. ಮಗುವಿನ ಗಾಡಿ ಕೊಳ್ಳಲು ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ ಚಕ್ರದ ಅಳತೆ ಸಮೇತ ತೂಗಿ ನೋಡಿರುತ್ತಾರೆ. ಹೇಬಾಮೆಯನ್ನು ಮಾತ್ರ ಹುಡುಕಿರುವುದಿಲ್ಲ.

ಜರ್ಮನಿಯಲ್ಲಿ ಹೆರಿಗೆ ಅಂದರೆ ಹೇಬಾಮೆಯರ ರಾಜ್ಯ. ಸಹಜ ಹೆರಿಗೆಯನ್ನು ಅವರು ಡಾಕ್ಟರಿಲ್ಲದೆ ಮಾಡಿಸಬಹುದು. ಡಾಕ್ಟರಾದರೋ, ತೀರಾ ತುರ್ತು ಬಿಟ್ಟರೆ, ಹೇಬಾಮೆಯನ್ನು ಕರೆಸಲೇಬೇಕು, ಕಾನೂನೇ ಹಾಗಿದೆ. 2020ರಲ್ಲಿ ಹೊಸ ಕಾಯ್ದೆ ಬಂದ ಮೇಲೆ ಈ ಕೆಲಸಕ್ಕೆ ಯೂನಿವರ್ಸಿಟಿ ಪದವಿಯೇ ಬೇಕು. ಇಷ್ಟೆಲ್ಲ ಹೇಳಿದರೂ ಹೊಸಬರ ಮುಖದಲ್ಲಿ ಒಂದು ಅನುಮಾನ ಕಾಣುತ್ತದೆ: ಸೂಲಗಿತ್ತಿಯಾ? ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಯಿಂದ ಫಾರ್ವರ್ಡ್ ಮಾಡಿದವರೇ. ನಮ್ಮನೆ ಹೆರಿಗೆಗೆ ಮಾತ್ರ ದೊಡ್ಡ ಡಾಕ್ಟರೇ ಆಗಬೇಕು.

ಎಲ್ಲರೂ ಎಡವುವ ಜಾಗ ಇದು, ನಿಧಾನವಾಗಿ ಓದಿ. ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಇರುವ ಹೇಬಾಮೆ ಪಾಳಿಯ ಮೇಲೆ ಕೆಲಸ ಮಾಡುವವರು. ನಿಮ್ಮ ಕೂಸನ್ನು ಈಚೆ ತಂದವರೇ ಆದರೂ, ಪಾಳಿ ಮುಗಿದರೆ ಅವರಿಗೂ ನಿಮಗೂ ಸಂಬಂಧ ಮುಗಿಯಿತು. ಮನೆಗೆ ಬಂದು ನೋಡುವ ಹೇಬಾಮೆ ಬೇರೆ. ಅವರನ್ನು ನೀವೇ ಹುಡುಕಿ, ನೀವೇ ಒಪ್ಪಿಸಿ, ತಿಂಗಳುಗಟ್ಟಲೆ ಮುಂಚೆ ಗೊತ್ತು ಮಾಡಿಕೊಂಡಿರಬೇಕು. ಇದನ್ನು ನಿಮಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಹೆಂಗಸರ ಡಾಕ್ಟರು ನಿಮಗೆ ಗೊತ್ತಿದೆ ಅಂದುಕೊಳ್ಳುತ್ತಾರೆ. ಆಸ್ಪತ್ರೆಯವರು ಹೆರಿಗೆಗೆ ಹೆಸರು ಬರೆಸುವಾಗ ಫಾರಂನಲ್ಲಿ "ನಿಮ್ಮ ಹೇಬಾಮೆ ಯಾರು" ಎಂದು ಕೇಳಿದರೆ ನಮ್ಮವರು ಆ ಸಾಲು ಖಾಲಿ ಬಿಡುತ್ತಾರೆ. ಖಾಲಿ ಯಾಕೆ ಎಂದು ಯಾರೂ ಕೇಳುವುದಿಲ್ಲ.

ಸರ್ಕಾರಿ ಆರೋಗ್ಯ ವಿಮೆ, ಅಂದರೆ ಕ್ರಾಂಕನ್‌ಕಾಸೆಯಲ್ಲಿ ಇರುವ ಪ್ರತಿ ಹೆಂಗಸಿಗೂ ಹೇಬಾಮೆಯನ್ನು ಮನೆಗೆ ಕರೆಸಿಕೊಳ್ಳುವ ಹಕ್ಕು ಇದೆ. ಹೆರಿಗೆಯಾದ ಮೊದಲ ಹತ್ತು ದಿನ ಬೇಕಿದ್ದರೆ ದಿನವೂ ಬರುತ್ತಾರೆ. ಆಮೇಲೆ ಹನ್ನೆರಡು ವಾರದವರೆಗೆ ಅಗತ್ಯ ಬಿದ್ದಂತೆ ಬರುತ್ತಾರೆ. ಹಾಲೂಡಿಸುವ ತೊಂದರೆ ಇದ್ದರೆ ಅದಾದ ಮೇಲೂ ಸಹಾಯ ಉಂಟು. ಬಿಲ್ಲು ನೇರ ಕಾಸೆಗೇ ಹೋಗುತ್ತದೆ, ನಿಮ್ಮ ಜೇಬಿಗೆ ಬರುವುದಿಲ್ಲ. ಖಾಸಗಿ ವಿಮೆಯವರು ತಮ್ಮ ಒಪ್ಪಂದ ತೆಗೆದು ಓದಿ. ಹೆಂಡತಿಗೆ ವೀಸಾಕ್ಕಾಗಿ ಅಗ್ಗದ ಪ್ರವಾಸಿ ವಿಮೆ ಮಾಡಿಸಿ ಅದನ್ನೇ ಇನ್ನೂ ನೆಚ್ಚಿಕೊಂಡಿರುವ ಮಹನೀಯರೇನಾದರೂ ಇದನ್ನು ಓದುತ್ತಿದ್ದರೆ, ಇಲ್ಲಿಗೆ ನಿಲ್ಲಿಸಿ ಮೊದಲು ಅದನ್ನು ಸರಿಮಾಡಿ. ಅಂಥ ವಿಮೆಗಳು ಎಷ್ಟೋ ಸಲ ಬಸುರು, ಹೆರಿಗೆಯನ್ನು ಸೇರಿಸಿಕೊಂಡೇ ಇರುವುದಿಲ್ಲ.

ಯಾವಾಗ ಹುಡುಕಬೇಕು? ಟೆಸ್ಟಿನಲ್ಲಿ ಎರಡು ಗೆರೆ ಕಂಡ ವಾರವೇ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎಂಬ ನಮ್ಮ ಕಡೆಯ ಕಟ್ಟಳೆಯನ್ನು ಅತ್ತೆ ಮನೆಯವರ ಮಟ್ಟಿಗೆ ಇಟ್ಟುಕೊಳ್ಳಿ, ಹೇಬಾಮೆಯ ವಿಷಯದಲ್ಲಿ ಬೇಡ. ಹೇಬಾಮೆಯರ ಸಂಘ ನಡೆಸುವ ಅಮ್ಮೆಲಿ ಎಂಬ ತಾಣವಿದೆ, ಪಿನ್‌ಕೋಡ್ ಹಾಕಿ ಹುಡುಕಬಹುದು. ಕಾಸೆಗಳ ಪಟ್ಟಿ ಇದೆ. ಹಲವು ಊರುಗಳಲ್ಲಿ ಹೇಬಾಮೆ ಹುಡುಕಿಕೊಡುವ ಕೇಂದ್ರವೇ ಇದೆ. ಮೇಲ್ ಚಿಕ್ಕದಾಗಿ, ಜರ್ಮನ್‌ನಲ್ಲಿ ಇರಲಿ, ತಪ್ಪಿದ್ದರೂ ಚಿಂತೆಯಿಲ್ಲ. ಹೆರಿಗೆಯ ಅಂದಾಜು ದಿನ, ಮನೆಯ ಬೀದಿ ಮತ್ತು ಪಿನ್‌ಕೋಡ್, ವಿಮೆ, ಎಷ್ಟನೇ ಮಗು, ಯಾವ ಭಾಷೆ, ಇಷ್ಟು ಸಾಕು. "ವೋಖನ್‌ಬೆಟ್" ಎಂಬ ಪದ ಮಾತ್ರ ಬಿಡಬೇಡಿ. ಆಗ ನೀವು ಕೇಳುತ್ತಿರುವುದು ಬಾಣಂತನದ ಭೇಟಿಗೆ, ಹೆರಿಗೆ ಮಾಡಿಸುವುದಕ್ಕಲ್ಲ ಎಂದು ಅವರಿಗೆ ತಿಳಿಯುತ್ತದೆ. ಬೀದಿಯ ಹೆಸರು ಯಾಕೆಂದರೆ ಅವರಲ್ಲಿ ಎಷ್ಟೋ ಜನ ಸೈಕಲ್ಲಿನಲ್ಲಿ ಓಡಾಡುವವರು, ದೂರ ಒಪ್ಪುವುದಿಲ್ಲ.

ಹತ್ತು ಮೇಲ್ ಹಾಕಿದರೆ ಉತ್ತರ ಬರುವುದು ಒಂದೋ ಎರಡೋ. ಇದನ್ನು ಅವಮಾನ ಅಂದುಕೊಂಡು ಕೈಬಿಟ್ಟವರನ್ನು ನೋಡಿದ್ದೇನೆ. ಜರ್ಮನರಿಗೂ ಇದೇ ಪಾಡು, ಹೇಬಾಮೆಯರೇ ಕಡಿಮೆ. ಆಗಸ್ಟ್ ತಿಂಗಳು ಮತ್ತು ಕ್ರಿಸ್‌ಮಸ್ ಸುತ್ತಮುತ್ತ ಹೆರಿಗೆ ಇರುವವರಿಗೆ ಇನ್ನೂ ಕಷ್ಟ, ಅವರೂ ರಜೆ ಹೋಗುತ್ತಾರೆ. ಏನು ಮಾಡಿದರೂ ಸಿಗಲಿಲ್ಲವೆಂದರೆ ಹೇಬಾಮೆ ಆಂಬುಲಾನ್ಸ್ ಎಂಬ ಕ್ಲಿನಿಕ್‌ಗಳಿವೆ, ಮಗುವನ್ನು ಅಲ್ಲಿಗೇ ಒಯ್ದು ತೋರಿಸಬಹುದು. ವಿಡಿಯೋದಲ್ಲಿ ನೋಡುವವರೂ ಇದ್ದಾರೆ. ಆದರೆ ವಿಡಿಯೋದಲ್ಲಿ ಮಗುವಿನ ತೂಕ ಹಿಡಿಯಲು ಬರುವುದಿಲ್ಲ.

ಈಗ "ಅಮ್ಮ ಬರ್ತಾರೆ" ಎಂಬ ಮಾತಿಗೆ ಬರೋಣ. ಬರಲಿ, ಖಂಡಿತ ಬರಲಿ. ಮೊದಲ ಸಂಜೆ ಇಲ್ಲಿನ ಆಸ್ಪತ್ರೆಯಲ್ಲಿ ಬಾಣಂತಿಗೆ ಏನು ಕೊಡುತ್ತಾರೆ ಗೊತ್ತೇ? ತಣ್ಣನೆಯ ಬ್ರೆಡ್ಡು, ಚೀಸು, ಒಂದು ಸೌತೆಕಾಯಿ ಹೋಳು. ಮೇಲೆ ಯಾರೋ ಬಂದು ಕಿಟಕಿ ಪೂರ್ತಿ ತೆಗೆದು ಗಾಳಿ ಆಡಿಸಿ ಹೋಗುತ್ತಾರೆ. ನಮ್ಮ ದಾವಣಗೆರೆ ಕಡೆಯ ಯಾವ ಅಜ್ಜಿ ಕಂಡಿದ್ದರೂ ಎದೆ ಒಡೆದುಕೊಳ್ಳುತ್ತಿದ್ದರು. ಬೆಳ್ಳುಳ್ಳಿ ಹಾಕಿದ ಬಿಸಿ ಸಾರು, ಮೆತ್ತಗಿನ ಅನ್ನ, ಅಂಟಿನುಂಡೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಇದಕ್ಕೆಲ್ಲ ಅಮ್ಮನೇ ಬೇಕು. ಆದರೆ ಹೊಟ್ಟೆಯಲ್ಲಿ ಗರ್ಭಕೋಶ ಎಷ್ಟು ಇಳಿದಿದೆ, ಹೊಲಿಗೆ ಒಣಗುತ್ತಿದೆಯೇ, ಮಗು ಎಳೆಯುತ್ತಿರುವುದು ಹಾಲೋ ಬರೀ ಗಾಳಿಯೋ, ತೂಕ ಎಷ್ಟು ಗ್ರಾಂ ಏರಿತು ಎಂದು ನೋಡುವುದು ಹೇಬಾಮೆ. ಮೊದಲ ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದೊಳಗೆ ಮೊದಲಿನಷ್ಟಾಗಬೇಕು. ಇನ್ನೊಂದು ಮಾತು: ನಮ್ಮ ಮಕ್ಕಳ ಮೈಬಣ್ಣದಲ್ಲಿ ಕಾಮಾಲೆ ಬೇಗ ಕಾಣುವುದಿಲ್ಲ. ಕಣ್ಣಿನ ಬಿಳಿ ಮತ್ತು ಒಸಡು ನೋಡಿ, ಹೇಬಾಮೆಗೂ ನೋಡಲು ಹೇಳಿ. ಮಗು ಎಬ್ಬಿಸಿದರೂ ಏಳದೆ ಹಾಲು ಬಿಟ್ಟರೆ ಅಮ್ಮನನ್ನೂ ಹೇಬಾಮೆಯನ್ನೂ ಕೇಳುತ್ತ ಕೂರಬೇಡಿ, ಮಕ್ಕಳ ಆಸ್ಪತ್ರೆಗೆ ಹೊರಡಿ. ಜೀವಕ್ಕೆ ಅಪಾಯ ಅನ್ನಿಸಿದರೆ 112.

ಅಮ್ಮನ ವೀಸಾ ಸಾಮಾನ್ಯವಾಗಿ ತೊಂಬತ್ತು ದಿನ. ಹೆರಿಗೆಗೆ ಒಂದು ತಿಂಗಳು ಮುಂಚೆ ಕರೆಸಿಕೊಂಡು, ಮಗು ತಡವಾಗಿ ಹುಟ್ಟಿ, ಸರಿಯಾಗಿ ಬೇಕಾದಾಗ ಅವರು ವಿಮಾನ ಹತ್ತಿದ ಮನೆಗಳಿವೆ. ಹೆರಿಗೆಯ ಅಂದಾಜು ದಿನಕ್ಕೆ ವಾರವೋ ಹತ್ತು ದಿನವೋ ಇರುವಾಗ ಬಂದರೆ ಸಾಕು. ತುಪ್ಪ ತರಬೇಡಿ ಎಂದು ಮೊದಲೇ ಹೇಳಿ. ಹಾಲು, ಹಾಲಿನ ಪದಾರ್ಥ ಹೊರಗಿನಿಂದ ಯುರೋಪ್ ಒಕ್ಕೂಟದೊಳಗೆ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ಕಸದ ಡಬ್ಬಿಗೆ ಹೋಗುತ್ತದೆ. ಇಲ್ಲಿನ ಬೆಣ್ಣೆ ಕಾಯಿಸಿದರೆ ಘಮಘಮ ತುಪ್ಪ ಆಗುತ್ತದೆ. ಅಂಟು, ಒಣಕೊಬ್ಬರಿ, ಉತ್ತುತ್ತಿ ತರಲಿ.

ಮನೆಯಲ್ಲಿ ಅಮ್ಮ ಒಂದು, ಹೇಬಾಮೆ ಒಂದು ಹೇಳಿದಾಗ ನಡುವೆ ಸಿಕ್ಕಿಕೊಳ್ಳುವುದು ಬಾಣಂತಿ. ನನ್ನ ತೀರ್ಪು ಕೇಳಿ. ಎಣ್ಣೆ ಹಚ್ಚಿ ನೀವುವುದು, ಕಾಲ ಮೇಲೆ ಮಲಗಿಸಿ ನೀರು ಹಾಕುವುದರಲ್ಲಿ ಅಮ್ಮನದೇ ಗೆಲುವು, ದಿನಾ ಬೇಡ, ನೀರು ಬೆಚ್ಚಗಿದ್ದರೆ ಸಾಕು. ಹೊಗೆಯ ವಿಷಯದಲ್ಲಿ ಅಮ್ಮ ಸೋಲಲಿ. ಸಾಂಬ್ರಾಣಿ ಹೊಗೆ ಎಳೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮೇಲೆ ಚಾವಣಿಯ ಅಲಾರಾಂ ಕೂಗಿ ಅಕ್ಕಪಕ್ಕದವರೆಲ್ಲ ಮೆಟ್ಟಿಲಿಗೆ ಬರುತ್ತಾರೆ. ಕಾಡಿಗೆ ಕಣ್ಣಿಗೆ ಬೇಡ, ದೃಷ್ಟಿಬೊಟ್ಟು ಅಂಗಾಲಿಗೆ ಇಡಿ. ಜೇನುತುಪ್ಪ ವರ್ಷ ತುಂಬುವವರೆಗೆ ನಾಲಿಗೆಗೂ ಸೋಕಿಸಬೇಡಿ, ಅದರಲ್ಲಿ ಇರಬಹುದಾದ ಬಾಟ್ಯುಲಿಸಂ ರೋಗಾಣುವಿನ ಬೀಜಕಣಗಳು ಎಳೆಮಗುವಿನ ಕರುಳಲ್ಲಿ ವಿಷ ಮಾಡುತ್ತವೆ. ತಲೆ ಗುಂಡಗಾಗಲೆಂದು ಸಾಸಿವೆ ದಿಂಬು, ಮೇಲೆ ರಗ್ಗು, ಹೀಟರ್ ಐದಕ್ಕೆ, ಇವು ಮೂರೂ ಅಪಾಯ. ಅಂಗಾತ ಮಲಗಿಸಿ, ದಿಂಬಿಲ್ಲದೆ, ಚೀಲದಂಥ ಮಕ್ಕಳ ಶ್ಲಾಫ್‌ಸಾಕ್‌ನಲ್ಲಿ, ಕೋಣೆ 16ರಿಂದ 18 ಡಿಗ್ರಿ. ಅಮ್ಮ "ಕೂಸು ಸೆಡೆತುಹೋಗುತ್ತೆ" ಅಂದೇ ಅನ್ನುತ್ತಾರೆ. ಹೇಬಾಮೆಯ ಕೈಯಲ್ಲೇ ಹೇಳಿಸಿ, ಮಗಳ ಮಾತು ನಡೆಯದ ಕಡೆ ಪರದೇಶದವರ ಮಾತು ನಡೆಯುತ್ತದೆ.

ಹೊಟ್ಟೆಗೆ ಹಳೆ ಸೀರೆ ಬಿಗಿಯುವವರು ಬಿಗಿಯಿರಿ, ಸೊಂಟಕ್ಕೆ ಹಿತ. ಆದರೆ ಕೆಮ್ಮಿದರೆ, ಸೀನಿದರೆ ಬಟ್ಟೆ ಒದ್ದೆಯಾಗುವ ತೊಂದರೆಗೆ ಸೀರೆ ಮದ್ದಲ್ಲ. ನಮ್ಮ ಹೆಂಗಸರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ವರ್ಷಗಟ್ಟಲೆ ಸಹಿಸುತ್ತಾರೆ. ಅದಕ್ಕೇ ಹೆರಿಗೆಯ ನಂತರ ರ್‍ಯುಕ್‌ಬಿಲ್ಡುಂಗ್ ಎಂಬ ವ್ಯಾಯಾಮದ ತರಗತಿ ಇರುವುದು. ಹತ್ತು ಗಂಟೆಯ ಕೋರ್ಸು, ಕಾಸೆಯ ಖರ್ಚು, ಮಗುವಿಗೆ ಒಂಬತ್ತು ತಿಂಗಳಾಗುವುದರೊಳಗೆ ಮುಗಿಸಬೇಕು.

ಉಳಿದದ್ದು ಬೇಗ ಹೇಳುತ್ತೇನೆ. ಮೊದಲು ಬಸುರಿನ ದಿನಗಳದ್ದು. ಊರಿನ ಉಪ್ಪಿನಲ್ಲಿ ಅಯೋಡಿನ್ ಇರುತ್ತಿತ್ತು, ಇಲ್ಲಿ ಪೊಟ್ಟಣದ ಮೇಲೆ ಬರೆದಿದ್ದರೆ ಮಾತ್ರ ಇರುತ್ತದೆ. ಫೋಲಿಕ್ ಆಸಿಡ್, ಅಯೋಡಿನ್ ಮಾತ್ರೆಯ ಬಗ್ಗೆ ಹೆಂಗಸರ ಡಾಕ್ಟರನ್ನು ಮೊದಲ ಭೇಟಿಯಲ್ಲೇ ಕೇಳಿ. ಸಸ್ಯಾಹಾರಿಗಳು ಬಿ12 ಪರೀಕ್ಷೆಯನ್ನೂ ಬಾಯಿಬಿಟ್ಟು ಕೇಳಬೇಕು. ಬಸುರಿನ ಸಕ್ಕರೆ ಕಾಯಿಲೆ ನಮ್ಮ ಜನಕ್ಕೆ ಹೆಚ್ಚು. 24ರಿಂದ 28ನೇ ವಾರದೊಳಗಿನ ಪರೀಕ್ಷೆ ತಪ್ಪಿಸಬೇಡಿ. ಕಾಯಿಲೆ ಬಂತೆಂದರೆ ಡಾಕ್ಟರು ಕೊಡುವ ಆಹಾರದ ಪಟ್ಟಿಯಲ್ಲಿ ಮುದ್ದೆ, ಅನ್ನ, ಚಪಾತಿ ಹೇಗೆ ಎಷ್ಟು ಎಂದು ಇರುವುದಿಲ್ಲ. ತೂಕ ಮಾಡಿ ತಿಂದು, ಸಕ್ಕರೆ ನೋಡಿ, ಬರೆದುಕೊಂಡು ಹೋಗಿ ತೋರಿಸಿ.

ಮಕ್ಕಳ ಡಾಕ್ಟರನ್ನೂ ಹೆರಿಗೆಗೆ ಮುಂಚೆಯೇ ಹಿಡಿಯಿರಿ, "ಹೊಸಬರನ್ನು ತೆಗೆದುಕೊಳ್ಳುವುದಿಲ್ಲ" ಎಂಬ ಬೋರ್ಡು ಎಲ್ಲೆಲ್ಲೂ ಇದೆ. ಮಗುವಿನ ತಪಾಸಣೆಯ ಹಳದಿ ಪುಸ್ತಕದಲ್ಲಿ ಯು1ರಿಂದ ಯು6ರವರೆಗೆ ಮೊದಲ ವರ್ಷದ ತಪಾಸಣೆಗಳಿರುತ್ತವೆ. ಬವೇರಿಯಾದಲ್ಲಿ ಇವು ಕಡ್ಡಾಯ. ವಿಟಮಿನ್ ಕೆ ಹನಿ ಮೊದಲ ಮೂರು ತಪಾಸಣೆಗಳಲ್ಲಿ ಅವರೇ ಹಾಕುತ್ತಾರೆ, ವಿಟಮಿನ್ ಡಿ ಮಾತ್ರೆ ದಿನಕ್ಕೊಂದು ನೀವು ಹಾಕಬೇಕು. ಬಿಸಿಜಿ ಇಲ್ಲಿ ಹಾಕುವುದಿಲ್ಲ, ತೋಳಿನ ಮೇಲೆ ಕಲೆ ಇಲ್ಲವೆಂದು ಅಜ್ಜಿ ಗಾಬರಿಯಾಗಬೇಕಿಲ್ಲ. ವರ್ಷ ತುಂಬುವ ಮೊದಲೇ ಊರಿಗೆ ಹೋಗುವವರು ಟಿಕೆಟ್ ತೆಗೆದ ಕೂಡಲೇ ಡಾಕ್ಟರಿಗೆ ಹೇಳಿ. ದಡಾರದ ಲಸಿಕೆ ಇಲ್ಲಿ ಸಾಮಾನ್ಯವಾಗಿ 11ನೇ ತಿಂಗಳಿಗೆ, ಪ್ರಯಾಣವಿದ್ದರೆ ಮುಂಚಿತವಾಗಿ ಕೊಡುವ ಬಗ್ಗೆ ಅವರು ನಿರ್ಧರಿಸುತ್ತಾರೆ. ಎಲ್ಟರ್ನ್‌ಗೆಲ್ಡ್, ಅಂದರೆ ಮಗುವಾದ ಮೇಲೆ ತಂದೆತಾಯಿಗೆ ಸರ್ಕಾರ ಕೊಡುವ ದುಡ್ಡಿನ ಕಥೆ ಮುಂದಿನ ಸಂಚಿಕೆಗೆ. ಸದ್ಯಕ್ಕೆ, ಅರ್ಜಿ ತಡವಾದರೆ ಅದಕ್ಕೆ ಹಿಂದಿನ ಮೂರು ತಿಂಗಳ ಬಾಕಿಯಷ್ಟೇ ಸಿಗುತ್ತದೆ ಎಂದು ನೆನಪಿಡಿ.

ಗಂಡಂದಿರಿಗೆ ಒಂದು ಮಾತು. ಮೊದಲ ವಾರ ಅಳು ಬರುವುದು ಎಷ್ಟೋ ಹೆಂಗಸರಿಗೆ ಇದ್ದದ್ದೇ. ಎರಡು ವಾರ ಕಳೆದರೂ ಅವಳ ಮುಖ ಅರಳದಿದ್ದರೆ, ಮಗುವನ್ನು ಎತ್ತಿಕೊಳ್ಳಲು ಹೆದರಿದರೆ, "ನಾನು ಇಲ್ಲದಿದ್ದರೇ ಚೆನ್ನಾಗಿತ್ತು" ಎಂಬಂಥ ಮಾತು ಬಂದರೆ ಅದನ್ನು ಮನೆಯ ನೆನಪು, ಚಳಿ, ಕತ್ತಲು ಎಂದು ತಳ್ಳಿಹಾಕಬೇಡಿ. ಹೇಬಾಮೆಗೆ ಅಥವಾ ಡಾಕ್ಟರಿಗೆ ಆ ದಿನವೇ ಹೇಳಿ. ಇಂಥ ತಾಯಂದಿರಿಗಾಗಿಯೇ ಶಾಟನ್ ಉಂಟ್ ಲಿಷ್ಟ್ ಎಂಬ ಸಂಸ್ಥೆ ಇದೆ.

ಇಲ್ಲಿ ಹಳಬರಾದವರಿಗೂ ಕೆಲಸ ಇದೆ. ನಿಮ್ಮ ಬಾಣಂತನಕ್ಕೆ ಬಂದಿದ್ದ ಹೇಬಾಮೆ ಒಳ್ಳೆಯವರಾಗಿದ್ದರೆ, ಅವರನ್ನು ಒಂದು ಮಾತು ಕೇಳಿ, ಅವರ ವಿವರವನ್ನು ನಮ್ಮ ಕನ್ನಡ ಕೂಟದ ಕಾರ್ಯದರ್ಶಿಗೆ ಕೊಡಿ. ಬಡಾವಣೆವಾರು ಪಟ್ಟಿ ಮಾಡುತ್ತಿದ್ದೇವೆ. ಆಸ್ಪತ್ರೆಗೆ ಬಿಸಿ ಸಾರು ಒಯ್ದು ಕೊಡಲು ಮನಸ್ಸಿರುವವರೂ ಅದೇ ಪಟ್ಟಿಯಲ್ಲಿ ಹೆಸರು ಬರೆಸಿ.