ಜೇಡಕ್ಕೆ ಯಾವ ಎಣ್ಣೆ?

ಪ್ರಶ್ನೆ: ತಿತಿಮತಿಯ ಕಾಫಿ ತೋಟದಲ್ಲಿ ನಮ್ಮದು ಹೆಂಚಿನ ಮನೆ. ಮಳೆ ಹಿಡಿದರೆ ಗೋಡೆ ಮೇಲೆಲ್ಲ ಅಂಗೈಯಗಲದ ಜೇಡಗಳು. ಹತ್ತು ತಿಂಗಳ ಮಗುವಿದೆ, ವಿಷದ ಸ್ಪ್ರೇ ಬೇಡ. ನೀಲಗಿರಿ ಎಣ್ಣೆ ಸಿಂಪಡಿಸಬಹುದೇ?

ಉತ್ತರ: ಬೇಡ. ಆ ಎಣ್ಣೆ ಸ್ವಲ್ಪವೇ ಹೊಟ್ಟೆಗೆ ಹೋದರೂ ಮಗುವಿಗೆ ಫಿಟ್ಸ್ ಬರಬಹುದು. ಸೀಸೆಯನ್ನು ಕೈಗೆಟುಕದ ಕಡೆ ಇಡಿ. 2018ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗವೊಂದರಲ್ಲಿ ಕೆಲವು ಜೇಡಗಳು ಪೆಪ್ಪರ್‌ಮಿಂಟ್ ಎಣ್ಣೆಯಿಂದ ದೂರ ಸರಿದವು, ನಿಂಬೆ ಎಣ್ಣೆಗೆ ಮಾತ್ರ ಕ್ಯಾರೇ ಅನ್ನಲಿಲ್ಲ. ಅವು ನಮ್ಮ ಕಡೆಯ ಜೇಡಗಳಲ್ಲ ಅನ್ನಿ. ನೋಡಲೇಬೇಕೆಂದರೆ ಅರ್ಧ ಲೀಟರ್ ನೀರಿಗೆ ಹದಿನೈದು ಹನಿ ಪೆಪ್ಪರ್‌ಮಿಂಟ್ ಎಣ್ಣೆ, ಚೂರು ಪಾತ್ರೆ ಸೋಪು ಹಾಕಿ, ಕುಲುಕಿ, ಕಿಟಕಿ ಚೌಕಟ್ಟಿನ ಹೊರಮೈಗೆ ಮಾತ್ರ ಹೊಡೆಯಿರಿ. ಮಳೆಗಾಲದಲ್ಲಿ ಹೆಚ್ಚು ದಿನ ನಿಲ್ಲದು.

ಅದಕ್ಕಿಂತ ಜಗಲಿ ದೀಪ ಬೇಗ ಆರಿಸಿ. ದೀಪಕ್ಕೆ ಹುಳ, ಹುಳಕ್ಕೆ ಜೇಡ. ಸೌದೆ ರಾಶಿಯನ್ನು ಗೋಡೆಯಿಂದ ದೂರ ಸರಿಸಿ, ಕಿಟಕಿಗೆ ಜಾಲರಿ ಹಾಕಿಸಿ. ಹೊಟ್ಟೆಯಡಿ ಬಿಳಿ ಬಿಲ್ಲೆಯಂಥ ಮೊಟ್ಟೆಚೀಲ ಹೊತ್ತು ಓಡುವ ದೊಡ್ಡ ಜೇಡ ಜಿರಲೆ ತಿನ್ನುತ್ತದೆ. ಡಬ್ಬಿ ಕವುಚಿ, ಕೆಳಗೆ ರಟ್ಟು ತೂರಿಸಿ ತೋಟಕ್ಕೆ ಬಿಡಿ.

ರಾತ್ರಿ ಮಲಗಿದ್ದಾಗ ಏನೋ ಕಚ್ಚಿದಂತಾಗಿ ಹೊಟ್ಟೆ ನುಲಿದರೆ, ರೆಪ್ಪೆ ಜೋತುಬಿದ್ದರೆ ಜೇಡವೆಂದು ಸುಮ್ಮನಿರಬೇಡಿ. ಕಟ್ಟುಹಾವು ಕಚ್ಚಿದ ಗುರುತೇ ಕಾಣದಿರಬಹುದು. ತಕ್ಷಣ ಗೋಣಿಕೊಪ್ಪದ ಸರ್ಕಾರಿ ಆಸ್ಪತ್ರೆಗೆ ಹೊರಡಿ, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಮಗು ಎಣ್ಣೆ ನುಂಗಿದರೂ ಅಷ್ಟೇ. ವಾಂತಿ ಮಾಡಿಸಲು ಹೋಗಬೇಡಿ.