ಟೆಕ್ಸ್ಟ್ ಫೈಲ್ ಪ್ರಿಂಟ್ ಆಗುತ್ತಿಲ್ಲವೇ? ಡ್ರೈವರ್ ಮುಟ್ಟುವ ಮೊದಲು ಇಷ್ಟು ನೋಡಿ

ಪಿಡಿಎಫ್ ಸಲೀಸಾಗಿ ಪ್ರಿಂಟ್ ಆಗುತ್ತದೆ, ಫೋಟೊ ಕೂಡ ಬರುತ್ತದೆ. ನಾಲ್ಕು ಸಾಲಿನ ಟೆಕ್ಸ್ಟ್ ಫೈಲ್ ಕಳಿಸಿದರೆ ಮಾತ್ರ ಪ್ರಿಂಟರ್ ಮಿಸುಕುವುದಿಲ್ಲ. ಲಿನಕ್ಸ್‌ನಲ್ಲಿ ಇಂಥ ಪರಿಸ್ಥಿತಿ ಬಂದಾಗ ಹಲವರು ಮೊದಲು ಮಾಡುವ ಕೆಲಸ ಡ್ರೈವರ್ ಕಿತ್ತು ಮತ್ತೆ ಹಾಕುವುದು. ಅದರಿಂದ ಪ್ರಯೋಜನವಾಗುವುದು ಕಡಿಮೆ. ಪಿಡಿಎಫ್ ಬರುತ್ತಿದೆ ಎಂದ ಮೇಲೆ ಕೇಬಲ್, ಡ್ರೈವರ್, ಟೋನರ್ ಎಲ್ಲವೂ ಸರಿಯಾಗಿಯೇ ಇವೆ. ತೊಡಕಿರುವುದು ಅಕ್ಷರಗಳು ಪುಟವಾಗುವ ಹಂತದಲ್ಲಿ. ಅಲ್ಲಿಗೇ ಕೈ ಹಾಕಿ.

1. ಫೈಲ್ ಸಾಗುವ ದಾರಿ ತಿಳಿದಿರಲಿ

ಲಿನಕ್ಸ್‌ನಲ್ಲಿ ಮುದ್ರಣ ನೋಡಿಕೊಳ್ಳುವುದು ಕಪ್ಸ್ ಎಂಬ ತಂತ್ರಾಂಶ. ಮೈಕೆಲ್ ಸ್ವೀಟ್ ರೂಪಿಸಿದ ಇದು 1999ರಲ್ಲಿ ಬಿಡುಗಡೆಯಾಯಿತು. ಬಂದ ಫೈಲ್ ಯಾವ ಬಗೆಯದು ಎಂದು ಕಪ್ಸ್ ಮೊದಲು ಗುರುತಿಸುತ್ತದೆ. ಟೆಕ್ಸ್ಟ್ ಆಗಿದ್ದರೆ ಒಂದು ಫಿಲ್ಟರ್ ಅದನ್ನು ಪಿಡಿಎಫ್ ಪುಟಗಳಾಗಿ ಮಾಡುತ್ತದೆ. ಆ ಪುಟಗಳು ಪ್ರಿಂಟರಿಗೆ ಅರ್ಥವಾಗುವ ಭಾಷೆಗೆ ಬದಲಾಗುತ್ತವೆ. ಟೆಕ್ಸ್ಟ್ ಫೈಲಿನೊಳಗೆ ಫಾಂಟ್ ಇಲ್ಲ, ಕಾಗದದ ಅಳತೆ ಇಲ್ಲ, ಅಂಚು ಇಲ್ಲ. ಅವನ್ನೆಲ್ಲ ಆ ಫಿಲ್ಟರೇ ಹೊಂದಿಸಬೇಕು. ಸರಳವೆಂದು ಕಾಣುವ ಫೈಲಿಗೇ ಹೆಚ್ಚು ಕೆಲಸ ಬೀಳುವುದು ಹೀಗೆ.

2. ಕ್ಯೂ ನಿಂತಿದೆಯೇ ನೋಡಿ

ಟರ್ಮಿನಲ್‌ನಲ್ಲಿ ‘ಎಲ್‌ಪಿಸ್ಟ್ಯಾಟ್ -ಟಿ’ ಕೊಡಿ. ಒಂದು ಕೆಲಸ ಕೆಟ್ಟರೆ ಇಡೀ ಕ್ಯೂ ‘ಡಿಸೇಬಲ್ಡ್’ ಆಗಿ ನಿಂತುಬಿಡಬಹುದು. ಆಮೇಲೆ ಕಳಿಸಿದ್ದೆಲ್ಲ ಅದರ ಹಿಂದೆ ಕಾಯುತ್ತಿರುತ್ತದೆ. ಕೆಟ್ಟ ಕೆಲಸವನ್ನು ‘ಕ್ಯಾನ್ಸೆಲ್’ ಆದೇಶದಿಂದ ಮೊದಲು ತೆಗೆಯಿರಿ, ಆಮೇಲೆ ‘ಕಪ್ಸ್ಎನೇಬಲ್’ ಜೊತೆ ಪ್ರಿಂಟರ್ ಹೆಸರು ಕೊಟ್ಟು ಕ್ಯೂ ತೆರೆಯಿರಿ. ಈ ಕ್ರಮ ತಪ್ಪಿಸಬೇಡಿ. ಕೆಟ್ಟದ್ದನ್ನು ಒಳಗೇ ಬಿಟ್ಟರೆ ಕ್ಯೂ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ.

3. ಎರಡು ಸಾಲಿನ ಇಂಗ್ಲಿಷ್ ಫೈಲ್ ಕಳಿಸಿ

ಅದು ಬಂದರೆ ತೊಡಕಿರುವುದು ನಿಮ್ಮ ಮೂಲ ಫೈಲಿನಲ್ಲಿ, 4ನೇ ಸೂತ್ರಕ್ಕೆ ಹೋಗಿ; ಫೈಲ್ ಕನ್ನಡದ್ದಾಗಿದ್ದರೆ 6ನ್ನೂ ನೋಡಿ. ಅದೂ ಬಾರದಿದ್ದರೆ 5ಕ್ಕೆ ಹೋಗಿ.

4. ಫೈಲಿನ ನಿಜವಾದ ಗುರುತು ಕೇಳಿ

ಹೆಸರಿನ ಕೊನೆಯಲ್ಲಿ ಟಿಎಕ್ಸ್‌ಟಿ ಇದ್ದ ಮಾತ್ರಕ್ಕೆ ಒಳಗಿರುವುದೂ ಅದೇ ಎಂದು ನಂಬಬೇಡಿ. ‘ಫೈಲ್’ ಎಂಬ ಪುಟ್ಟ ಆದೇಶದ ಮುಂದೆ ಫೈಲಿನ ಹೆಸರು ಕೊಟ್ಟರೆ ಒಳಗೇನಿದೆ ಎಂದು ಹೇಳುತ್ತದೆ. ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ‘ಯೂನಿಕೋಡ್’ ಎಂದು ಆರಿಸಿ ಉಳಿಸಿದ ಹಳೆಯ ಫೈಲ್‌ಗಳು ಯುಟಿಎಫ್-16ರಲ್ಲಿರುತ್ತವೆ. ಅವುಗಳಲ್ಲಿ ಪ್ರತಿ ಇಂಗ್ಲಿಷ್ ಅಕ್ಷರದ ಜೊತೆಗೂ ಒಂದು ಸೊನ್ನೆ ಬೈಟ್ ಇರುತ್ತದೆ. ಕಪ್ಸ್ ಅಂಥದ್ದನ್ನು ಪಠ್ಯವೆಂದೇ ಒಪ್ಪದಿರಬಹುದು, ಒಪ್ಪಿದರೂ ಕಸ ಮೂಡಬಹುದು. ‘ಐಕಾನ್ವ್’ ಬಳಸಿ ಯುಟಿಎಫ್-8ಕ್ಕೆ ಬದಲಿಸಿಕೊಂಡರೆ ಸಮಸ್ಯೆ ಅಲ್ಲಿಗೇ ಮುಗಿಯಿತು.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ, ಬಲ್ಲವರೂ ಇಲ್ಲಿ ಸಿಕ್ಕಿಬೀಳುತ್ತಾರೆ. ಫೈಲಿನ ಮೊದಲ ಎರಡು ಚಿಹ್ನೆಗಳು %! ಆಗಿದ್ದರೆ ಕಪ್ಸ್ ಅದನ್ನು ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣ ಭಾಷೆಯ ಪ್ರೋಗ್ರಾಂ ಎಂದು ತಿಳಿಯುತ್ತದೆ. ಲೇಟೆಕ್ ಬಳಸುವವರ ಫೈಲ್‌ಗಳು ಕೆಲವು ಸಲ ಹೀಗೆ ಶುರುವಾಗುತ್ತವೆ. ಪಠ್ಯವನ್ನು ಪ್ರೋಗ್ರಾಂ ಎಂದುಕೊಂಡು ಓಡಿಸಲು ಹೋದರೆ ದೋಷ ಬಾರದೆ ಇನ್ನೇನಾದೀತು? ಮೇಲೆ ಒಂದು ಖಾಲಿ ಸಾಲು ಸೇರಿಸಿ, ಸಾಕು.

5. ಫಾಂಟ್ ಇದೆಯೇ?

ಸರ್ವರ್‌ಗಳಲ್ಲಿ, ಅತಿ ಚಿಕ್ಕದಾಗಿ ಹಾಕಿದ ಲಿನಕ್ಸ್‌ಗಳಲ್ಲಿ ಒಂದೂ ಫಾಂಟ್ ಇಲ್ಲದಿರಬಹುದು. ಪಿಡಿಎಫ್ ತನ್ನ ಫಾಂಟನ್ನು ಸಾಮಾನ್ಯವಾಗಿ ತಾನೇ ಹೊತ್ತು ತರುತ್ತದೆ, ಟೆಕ್ಸ್ಟ್ ತರುವುದಿಲ್ಲ. ಡೇಜಾವು ಮೋನೊ ಅಥವಾ ಲಿಬರೇಷನ್ ಮೋನೊ ಹಾಕಿ ನೋಡಿ. ಹಾಗೆಯೇ ಡಿಸ್ಕ್ ತುಂಬಿದೆಯೇ ಎಂಬುದನ್ನೂ ‘ಡಿಎಫ್ -ಎಚ್’ ಕೊಟ್ಟು ನೋಡಿಬಿಡಿ.

6. ಕನ್ನಡಕ್ಕೆ ಬೇರೆ ದಾರಿ ಹಿಡಿಯಿರಿ

‘ಸ್ತ್ರೀ’ ಎಂಬ ಒಂದೇ ಅಕ್ಷರ ಯೂನಿಕೋಡ್‌ನಲ್ಲಿ 6 ಸಂಕೇತ, ಯುಟಿಎಫ್-8ರಲ್ಲಿ 18 ಬೈಟ್. ಒತ್ತು, ದೀರ್ಘಗಳು ಕೂಡಿ ಒಂದು ರೂಪವಾಗಬೇಕಾದರೆ ಅಕ್ಷರ ಜೋಡಿಸುವ ತಂತ್ರಾಂಶ ಬೇಕು. ಕಪ್ಸ್‌ನ ಟೆಕ್ಸ್ಟ್ ಫಿಲ್ಟರ್ ಒಂದೊಂದು ಸಂಕೇತಕ್ಕೂ ಒಂದೊಂದು ಮನೆ ಕೊಟ್ಟು ಸಾಲಾಗಿ ಕೂರಿಸುವಂಥದ್ದು, ಈ ಜೋಡಣೆ ಅದಕ್ಕೆ ಬಾರದು. ಹೀಗಾಗಿ ಚೌಕಗಳೋ ಒಡೆದ ಅಕ್ಷರಗಳೋ ಖಾಲಿ ಹಾಳೆಯೋ ಸಿಗುತ್ತದೆ. ಪ್ರಿಂಟರನ್ನು ಬೈದು ಫಲವಿಲ್ಲ.

‘ಪ್ಯಾಪ್ಸ್’ ಎಂಬ ಉಪಕರಣ ಇದೇ ಕೊರತೆ ತುಂಬಲು ಇರುವುದು. ಅದು ಪ್ಯಾಂಗೊ ಎಂಬ ಅಕ್ಷರ ಜೋಡಿಸುವ ತಂತ್ರಾಂಶ ಬಳಸಿ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುತ್ತದೆ. ಅದರಿಂದ ಬಂದದ್ದನ್ನು ನೇರವಾಗಿ ‘ಎಲ್‌ಪಿ’ ಎಂಬ ಮುದ್ರಣ ಆದೇಶಕ್ಕೆ ಹರಿಸಬಹುದು. ಟರ್ಮಿನಲ್ ಒಗ್ಗದವರು ಲಿಬ್ರೆ ಆಫೀಸ್‌ನಲ್ಲಿ ತೆರೆದು ಪಿಡಿಎಫ್ ಮಾಡಿಕೊಂಡರೂ ಸರಿ. ಎರಡಕ್ಕೂ ನೋಟೊ ಅಥವಾ ಲೋಹಿತ್‌ನಂಥ ಕನ್ನಡ ಫಾಂಟ್ ಇರಲೇಬೇಕು.

ನುಡಿ, ಬರಹ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಬರೆದದ್ದನ್ನು ಟೆಕ್ಸ್ಟ್ ಆಗಿ ಉಳಿಸಿದ್ದರೆ ಒಳಗೆ ಕನ್ನಡದ ಸಂಕೇತಗಳೇ ಇರುವುದಿಲ್ಲ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ನಮ್ಮ ಸಂಘ ಸಂಸ್ಥೆಗಳಲ್ಲಿ, ಕಚೇರಿಗಳಲ್ಲಿ ಇಂಥ ಫೈಲ್‌ಗಳು ಇನ್ನೂ ಉಳಿದಿವೆ. ಪ್ರಿಂಟ್‌ಗಾಗಿ ಅಲ್ಲದಿದ್ದರೂ, ಮುಂದಿನವರು ಅವನ್ನು ಓದಬೇಕು, ಹುಡುಕಬೇಕು ಎಂಬುದಕ್ಕಾಗಿಯಾದರೂ ಈ ಕೆಲಸ ಈಗಲೇ ಆಗಬೇಕು.

7. ಕಾಗದ ಎ4 ಎಂದು ಹೇಳಿಡಿ

ಕಂಪ್ಯೂಟರ್ ಅಮೆರಿಕದ ಲೆಟರ್ ಅಳತೆ ಎಂದುಕೊಂಡಿದ್ದು, ಟ್ರೇನಲ್ಲಿ 210 x 297 ಮಿಲಿಮೀಟರಿನ ಎ4 ಇದ್ದರೆ ಕೆಲವು ಪ್ರಿಂಟರ್‌ಗಳು ಬೇರೆ ಕಾಗದಕ್ಕಾಗಿ ಕಾಯುತ್ತ ಕೂರುತ್ತವೆ. ಕ್ಯೂನ ಡಿಫಾಲ್ಟ್ ಆಯ್ಕೆಯನ್ನು ಎ4 ಮಾಡಿ.

8. ‘ರಾ’ ಕ್ಯೂ ಡಾಟ್ ಮ್ಯಾಟ್ರಿಕ್ಸ್‌ಗೆ ಮಾತ್ರ

ಫಿಲ್ಟರ್ ಬಿಟ್ಟು ನೇರ ಕಳಿಸಿದರೆ ಆದೀತು ಎಂಬ ಸಲಹೆ ಆಗಾಗ ಸಿಗುತ್ತದೆ. ಅಗ್ಗದ ಲೇಸರ್ ಪ್ರಿಂಟರ್‌ಗಳಲ್ಲಿ ಹಲವಕ್ಕೆ ಬರಿಯ ಅಕ್ಷರ ಅರ್ಥವೇ ಆಗುವುದಿಲ್ಲ. ಪುಟದ ಚಿತ್ರವನ್ನು ಕಂಪ್ಯೂಟರೇ ಮಾಡಿ ಕೊಡಬೇಕು. ಬಿಲ್ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್‌ಗೆ ಈ ಸಲಹೆ ಸರಿ. ಆದರೆ ಅಲ್ಲೂ ಸಾಲುಗಳು ಮೆಟ್ಟಿಲಿನಂತೆ ಬಲಕ್ಕೆ ಸರಿಯತೊಡಗಿದರೆ ಸಾಲಿನ ಕೊನೆಯಲ್ಲಿ ಕ್ಯಾರೇಜ್ ರಿಟರ್ನ್ ಇಲ್ಲವೆಂದು ತಿಳಿಯಿರಿ. ‘ಯುನಿಕ್ಸ್2ಡಾಸ್’ ಅದನ್ನು ಸೇರಿಸುತ್ತದೆ.

9. ಇಷ್ಟಾದರೂ ಬಾರದಿದ್ದರೆ ಲಾಗ್ ಓದಿ

‘ಕಪ್ಸ್‌ಸಿಟಿಎಲ್ --ಡಿಬಗ್-ಲಾಗಿಂಗ್’ ಕೊಟ್ಟು, ಅದೇ ಫೈಲನ್ನು ಒಮ್ಮೆ ಕಳಿಸಿ, ಕಪ್ಸ್‌ನ ಎರರ್ ಲಾಗ್ ತೆರೆಯಿರಿ. ಯಾವ ಫಿಲ್ಟರ್ ಎಲ್ಲಿ ನಿಂತಿತು ಎಂದು ಅಲ್ಲಿ ಬರೆದಿರುತ್ತದೆ. ಯಾರನ್ನಾದರೂ ಸಹಾಯ ಕೇಳುವಾಗ ಆ ಸಾಲುಗಳನ್ನೂ ‘ಫೈಲ್’ ಆದೇಶ ಕೊಟ್ಟ ಉತ್ತರವನ್ನೂ ಜೊತೆಗಿಡಿ. ಕೆಲಸ ಮುಗಿದ ಮೇಲೆ ‘--ನೋ-ಡಿಬಗ್-ಲಾಗಿಂಗ್’ ಕೊಟ್ಟು ನಿಲ್ಲಿಸಿ. ಇಲ್ಲವಾದರೆ ಲಾಗ್ ಬೇಗನೆ ಬೆಳೆಯುತ್ತದೆ.